ಹದಿನಾರು ಇಂಚಿನ ಗೊಂಡೆ

"ಇದು ನಾ ಬೆಸದದ್ದಲ್ರಿ ಮೇಡಂ," ಎಂದಳು ಸಬೀರಾ, ಕಬ್ಬಿಣದ ಗಾರ್ಡನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತ. "ನನ್ನ ಬೆಸಿಗಿ ಹಿಂಗ ಉಗುಳಿದಂಗ ಇರೂದಿಲ್ಲ."

ಇಬ್ರಾಹಿಂಪುರದ ರೈಲು ಹಳಿಗೆ ಬೆನ್ನು ಹಚ್ಚಿ ನಿಂತ ಆ ವೆಲ್ಡಿಂಗ್ ಅಂಗಡಿಯ ಗೋಡೆಗೆ ಹನ್ನೊಂದು ಗಾರ್ಡುಗಳು ಒರಗಿದ್ದವು. ಎರಡು ತಿಂಗಳ ಹಿಂದೆ ಪಿಎಸ್‌ಐ ಸಪ್ನಾ ತಪಾಸಣೆ ಶುರು ಮಾಡಿದಾಗಿನಿಂದ ಜನ ಇವನ್ನು ಬಿಚ್ಚಿಸಿ ಇಲ್ಲೇ ಬಿಟ್ಟುಹೋಗುತ್ತಿದ್ದರು. ಗಾಡಿಯ ಮೂತಿಗೆ ಇಂಥ ಕಬ್ಬಿಣ ಕಟ್ಟುವಂತಿಲ್ಲ. ನಂಬರ್ ಪ್ಲೇಟಿಗೆ ಗಾರ್ಡಾಗಲಿ, ಕರಿ ಗಾಜಾಗಲಿ, ಹೂವಿನ ಹಾರವಾಗಲಿ ಅಡ್ಡ ಬರುವಂತಿಲ್ಲ. ಕಾನೂನು ಕೇಳುವುದು ಅಷ್ಟೇ: ಗಾಡಿ ತನ್ನ ಹೆಸರು ಮುಚ್ಚಿಕೊಂಡು ತಿರುಗಬಾರದು.

ಹನ್ನೊಂದರಲ್ಲಿ ಹತ್ತು ಬರಿಮೈಯವು. ಸಬೀರಾ ತಳ್ಳಿದ ಗಾರ್ಡಿನ ನಡುವಿಂದ ಮಾತ್ರ ಕರಿ ಉಣ್ಣೆಯ ದಪ್ಪ ಗೊಂಡೆಯೊಂದು ಇಳಿಬಿದ್ದಿತ್ತು.

ಸಪ್ನಾ ಅದರ ಎದುರು ಕುಕ್ಕರುಗಾಲಲ್ಲಿ ಕೂತಳು. ಒಂಬತ್ತು ದಿನಗಳಿಂದ ಅವಳು ಈ ಗೊಂಡೆಯನ್ನು ಬರೀ ಪರದೆಯ ಮೇಲೆ ನೋಡಿದ್ದಳು.

ಒಂಬತ್ತು ದಿನದ ಹಿಂದೆ, ಸೋಮವಾರ ಸಂಜೆ ನಾಲ್ಕೂವರೆಗೆ, ತಿಕೋಟಾ ದಾಟಿದ ಮೇಲೆ ಅಥಣಿ ರಸ್ತೆಯಲ್ಲಿ, ಒಣದ್ರಾಕ್ಷಿ ಶೆಡ್ಡಿನ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಇಪ್ಪತ್ತೆರಡರ ಲಕ್ಷ್ಮಿಯನ್ನು ಒಂದು ಬಿಳಿ ಪಿಕಪ್ ಹೊಡೆದು, ನಿಲ್ಲದೆ ಹೋಗಿತ್ತು. ಎದುರಿನ ಡಾಬಾದ ಕ್ಯಾಮೆರಾದಲ್ಲಿ ಅದೆಲ್ಲ ಹನ್ನೆರಡು ಸೆಕೆಂಡು. ಪ್ಲೇಟಿನಲ್ಲಿ 'ಕೆಎ 28' ಎಂಬಷ್ಟೇ ಓದಬಹುದಿತ್ತು, ಅದು ಇಡೀ ವಿಜಯಪುರ ಜಿಲ್ಲೆಯ ಗಾಡಿಗಳ ಹಣೆಬರಹ. ಉಳಿದ ಅಂಕಿಗಳ ಮೇಲೆ ಒಂದು ಕರಿ ಮುದ್ದೆ ಅತ್ತಿತ್ತ ಆಡುತ್ತಿತ್ತು.

ಆ ಹನ್ನೆರಡು ಸೆಕೆಂಡಿನಲ್ಲಿ ಇನ್ನೊಂದು ಸಂಗತಿಯೂ ಇತ್ತು. ಪಿಕಪ್ ಹತ್ತಿರ ಬಂದಾಗ ಲಕ್ಷ್ಮಿ ಕೈ ಎತ್ತಿ, ತಾನಾಗಿಯೇ ರಸ್ತೆಗೆ ಇಳಿದಿದ್ದಳು.

'ಮೃತಳೇ ಅಡ್ಡ ಬಂದಿದ್ದಾಳೆ ಅಂತ ಬರೆದು ಮುಗಿಸ್ರಿ' ಎಂದಿದ್ದರು ಮೇಲಿನವರು. ಮಾತು ಠಾಣೆಯಿಂದ ಹೊರಬಿದ್ದು ಸಂತೆ ಮುಟ್ಟಿತ್ತು. ಹುಡುಗಿ ಸಾಯಲೆಂದೇ ಇಳಿದಳಂತೆ ಎಂದು ಜನ ಕಾಯಿಪಲ್ಲೆ ತೂಗಿಸುತ್ತ ಆಡಿಕೊಳ್ಳುತ್ತಿದ್ದರು.

"ಯಾವಾಗ ಬಂತು ಇದು?"

"ಹೋದ ಮಂಗಳವಾರ. ಮುಂಜಾನೆ ಶಟರ್ ಎತ್ತಿದ್ರ ಗ್ವಾಡಿಗೆ ಒರಗಿಸಿ ಹೋಗ್ಯಾರ. ಮಾರಿ ತೋರ್ಸಿಲ್ಲ." ಸಬೀರಾ ಗಾರ್ಡಿನ ಹಿಂಬದಿಗೆ ಬೆರಳಿಟ್ಟಳು. "ಇಲ್ಲಿ ನೋಡ್ರಿ. ಬೋಲ್ಟ್ ಬಿಚ್ಚಿಲ್ಲ, ಕೊಯ್ದಾರ. ಪಾನಾ ಹಾಕಿದ್ರ ಐದು ನಿಮಿಷದ ಕೆಲಸ. ಆಕ್ಸಾ ಬ್ಲೇಡ್ ಹಿಡ್ಕೊಂಡು ತಾಸಗಟ್ಟಲೆ ತಿಕ್ಕ್ಯಾರ."

"ಯಾಕ?"

"ಪಾನಾ ಹಿಡಿಯಾಕ ಬರ್ದಂವ ಇರಬೇಕು. ಇಲ್ಲಾ, ಬೋಲ್ಟಿಗೆ ಪಾನಾ ಕೂಡ್ಸಾಕ ಆಗಲಾರದಂಗ ಕೈ ನಡಗಿರಬೇಕು."

"ಎಂಟು ದಿನ ಇಟ್ಕೊಂಡು ಈಗ ಹೇಳಾಕತ್ತೀರಲ್ಲ ಆಪಾ!"

"ನಿಮ್ಮ ಮಂದಿ ಶುಕ್ರವಾರ ಬಂದಿದ್ರಲ್ರಿ. ಗಾರ್ಡ್ ಎಣಿಸಿದ್ರು, ಚಾ ಕುಡದ್ರು, ಹೋದ್ರು. ಉಣ್ಣೀದ ಬಗ್ಗೆ ಯಾರು ಕೇಳ್ಯಾರ?"

ಸಪ್ನಾ ತಲೆ ಎತ್ತಿ ಹೆಡ್ ಕಾನ್‌ಸ್ಟೆಬಲ್ ಬಸಲಿಂಗಯ್ಯನನ್ನು ನೋಡಿದಳು. ನಿವೃತ್ತಿಗೆ ಎರಡು ವರ್ಷ ಉಳಿದ ಆ ಮನುಷ್ಯ ಹಳಿಯ ಕಡೆ ಮುಖ ಮಾಡಿ, ಬಾರದ ರೈಲಿಗಾಗಿ ಕಾಯುತ್ತಿದ್ದ.

"ಬಸಲಿಂಗಯ್ಯನವರ, ಬಿಚ್ಚ್ರಿ ಅದನ್ನ."

ಆತ ಬಂದು, ಬೂಟು ಕಳಚಿ, ಬರಿಗಾಲಲ್ಲಿ ಕೂತು ಗೊಂಡೆಗೆ ಕೈ ಹಾಕಿದ.

"ದೇವಸ್ಥಾನಕ್ಕ ಬಂದೀರೇನ್ರಿ ಅಜ್ಜಾರ?" ಎಂದಳು ಸಬೀರಾ. "ಕಾಲು ಸುಟ್ಕೊಂಡೀರಿ. ಬೆಸಿಗಿ ಕಿಡಿ ಬಿದ್ದಿರ್ತಾವ."

ಆತ ನಗಲಿಲ್ಲ. ತಪಾಸಣೆಯ ಮೊದಲ ದಿನ, 'ಕಬ್ಬಿಣ ಬಿಚ್ಚಸ್ರಿ ಮೇಡಂ, ಉಣ್ಣಿ ಬಿಡ್ರಿ. ಅದು ದೇವರದು' ಅಂದವನು ಆತನೇ. ಸಪ್ನಾ ಹೂಂ ಅಂದಿದ್ದಳು. ಮನೆಯಲ್ಲಿ ಬುದ್ಧನ ಫೋಟೋ ಇಟ್ಟ ಹೆಣ್ಣುಮಗಳು ಬಂದು ಕುರುಬರ ದೇವರ ಉಣ್ಣೆ ಕತ್ತರಿಸಿದಳು ಅಂತ ನಾಳೆ ಯಾರೂ ಠಾಣೆಯ ಮುಂದೆ ಕೂರಬಾರದು ಎಂದು ಅವಳ ಲೆಕ್ಕಾಚಾರ. ಹೀಗೆ ಎರಡು ತಿಂಗಳು ಅವರು ಕಬ್ಬಿಣಕ್ಕೆ ಕೇಸು ಹಾಕಿದರು, ಉಣ್ಣೆಗೆ ಕೈ ಮುಗಿದರು.

ಅವಳು ಟೇಪು ಹಿಡಿದಳು. ಹದಿನಾರು ಇಂಚು.

ಬಸಲಿಂಗಯ್ಯ ಗೊಂಡೆಯನ್ನು ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಹಾಸಿಕೊಂಡ. ಮೂರು ಬೆರಳು ಕಡಿಮೆ ಬಿತ್ತು.

"ಇದು ಗಂಡಸಿನ ಮೊಳ ಅಲ್ರಿ ಮೇಡಂ."

"ಅಂದ್ರ?"

"ಬಬಲೇಶ್ವರದ ಕಡೆ ಗೊಂಡೆ ಕಟ್ಟಸೂಮುಂದ ಗಾಡಿ ಹೊಡ್ಯಾಂವ ಹೋಗಿ ಕೈ ಚಾಚಬೇಕ್ರಿ. ಅವನ ಮೊಳದಷ್ಟ ಉದ್ದ. ಕೆಟ್ಟ ದೃಷ್ಟಿ ಬಂದ್ರ ಇದನ್ನ ಅವನ ಕೈ ಅಂತ ತಿಳದು ಇದಕ್ಕ ಬಡದು ಹೋಗ್ತದಂತ. ಅಂವ ಉಳೀತಾನ."

"ಹಂಗಾದ್ರ ಗಾಡಿ ಹೊಡ್ಯಾಕಿ ಹೆಂಗಸು?"

ಆತ ಗೊಂಡೆಯ ಕುತ್ತಿಗೆಯ ಗಂಟನ್ನು ಉಗುರಿನಿಂದ ಸಡಿಲಿಸಿದ. ಒಳಗೆ, ಕರಿ ಉಣ್ಣೆಯ ನಡುವೆ ಒಂದೇ ಒಂದು ಕೆಂಪು ಎಳೆ ಕಂಡಿತು. ಅದನ್ನು ನೋಡಿದ್ದೇ ಆತನ ಕೈ ನಿಂತಿತು.

"ಹೇಳ್ರಿ. ಯಾರ ಗಂಟು?"

"ವಿಡಿಯೋದಾಗ ಇದು ಬರೇ ಕರಿ ಮುದ್ದಿ ಕಂಡಿತ್ರಿ. ನನಗ ಗೊತ್ತಾಗಲಿಲ್ಲ."

"ಬಸಲಿಂಗಯ್ಯನವರ!"

"ಒಳಗ ಕೆಂಪು ಎಳಿ ಇಡಾಕಿ ಒಬ್ಬಾಕೀನ ಅದಾಳ್ರಿ," ಎಂದ ಆತ, ಯಾವುದೋ ತಪ್ಪು ಒಪ್ಪಿಕೊಳ್ಳುವವನಂತೆ. "ರಾಚವ್ವ. ಲಕ್ಷ್ಮೀನ ಹಡದಾಕಿ."

*

ಜೀಪು ಬಬಲೇಶ್ವರದ ಕಡೆ ಓಡಿತು. ಗೊಂಡೆ ಸಪ್ನಾಳ ತೊಡೆಯ ಮೇಲೆ ಬಟ್ಟೆಯ ಚೀಲದಲ್ಲಿತ್ತು, ಮಲಗಿದ ಸಣ್ಣ ಪ್ರಾಣಿಯಷ್ಟು ತೂಕದ್ದು.

ಆ ವಿಡಿಯೋವನ್ನು ಅವಳು ಆರ್‌ಟಿಓ ಕಚೇರಿಗೆ ತೋರಿಸಿದ್ದಳು. ಗ್ಯಾರೇಜುಗಳಿಗೆ, ಒಣದ್ರಾಕ್ಷಿ ಶೆಡ್ಡುಗಳ ಮಾಲೀಕರಿಗೆ, ಅಥಣಿ ರಸ್ತೆಯ ಪಂಕ್ಚರ್ ಅಂಗಡಿಗಳಿಗೆಲ್ಲ ತೋರಿಸಿದ್ದಳು. ನಲವತ್ತೊಂದು ಬಿಳಿ ಪಿಕಪ್ಪುಗಳನ್ನು ಸುತ್ತು ಹಾಕಿ ನೋಡಿ, ಗಾರ್ಡ್ ಇಲ್ಲದ, ಪ್ಲೇಟು ತೊಳೆದಿಟ್ಟ ಗಾಡಿಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದ್ದಳು. ರಾಚವ್ವನಿಗೆ ಮಾತ್ರ ತೋರಿಸಿರಲಿಲ್ಲ. ಹೆತ್ತವಳು ಆ ಹನ್ನೆರಡು ಸೆಕೆಂಡು ನೋಡಬಾರದು ಅಂದುಕೊಂಡಿದ್ದಳು.

ಆ ಕನಿಕರದಲ್ಲಿ ಒಂಬತ್ತು ದಿನ ಹೋಗಿದ್ದವು.

"ಹೆಂಗಸರ ಹೆಸರಿನ ಮ್ಯಾಲೆ ಮೂರು ಗಾಡಿ ಅದಾವ್ರಿ ಪಟ್ಟಿಯೊಳಗ," ಎಂದ ಬಸಲಿಂಗಯ್ಯ ಊರು ಹತ್ತಿರವಾದಾಗ. "ಮೊದಲ ಅವನ್ನ ನೋಡೂಣೇನು? ಆ ತಾಯಿ ಮುಂದ ಇದನ್ನ ಹ್ಯಾಂಗ ಇಡ್ತೀರಿ?"

ಸಪ್ನಾ ಚೀಲದ ಬಾಯಿಯನ್ನು ಇನ್ನೊಮ್ಮೆ ಮಡಚಿದಳು. "ಮುಂದ ಎಡಕ್ಕ ಹೊರಳ್ರಿ," ಎಂದಳು.

*

ರಾಚವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನೂಲುವ ಕದಿರು ಪಕ್ಕದಲ್ಲೇ ಇದ್ದರೂ ಕೈ ಖಾಲಿ. ನಂಟನೊಬ್ಬ ದಿನಾ ತಂದಿಡುವ ಬುತ್ತಿ ಗಂಟು ಬಿಚ್ಚದೆ ಬಿದ್ದಿತ್ತು. ಐವತ್ತರ ಹೆಂಗಸು ಒಂಬತ್ತು ದಿನದಲ್ಲಿ ಅರವತ್ತು ದಾಟಿದಂತಿದ್ದಳು.

"ಬಾ ಯವ್ವಾ," ಎಂದಳು ಸಪ್ನಾಳಿಗೆ. "ಸಿಕ್ಕನೇನು?"

ದಿನಾ ಕೇಳುವ ಪ್ರಶ್ನೆ. ಅವಳ ಮಗ ಶಿವಲಿಂಗ ಕೂಡ ದಿನಾ ಠಾಣೆಗೆ ಬಂದು ಇದನ್ನೇ ಕೇಳುತ್ತಿದ್ದ. ಸಿಕ್ಕ ಸಿಕ್ಕ ಗಾಡಿಗೆ ಬಾಡಿಗೆ ಡ್ರೈವರ್ ಆಗಿ ಹೋಗುವ ಇಪ್ಪತ್ತಾರರ ಹುಡುಗ. ಕ್ಯಾಮೆರಾದಾಗ ನಂಬರ್ ಕಂಡಿತೇನ್ರಿ, ಮಾರಿ ಕಂಡಿತೇನ್ರಿ ಅಂತ ಕೇಳಿ, ಇಲ್ಲ ಅಂದರೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿರುತ್ತಿದ್ದ. ಈಗ ಅವನೇ ತಂಬಿಗೆಯಲ್ಲಿ ನೀರು ತಂದು ಸಪ್ನಾಳ ಮುಂದಿಟ್ಟು, ಹೊಸ್ತಿಲ ಹತ್ತಿರ ಸರಿದು ನಿಂತ.

"ಸಿಕ್ಕಿಲ್ಲ ಯವ್ವಾ. ನಿಮ್ಮನ್ನ ಒಂದು ಮಾತು ಕೇಳಾಕ ಬಂದೇನಿ."

"ಕೇಳು. ಮೊದಲ ನಂದೊಂದು ಹೇಳು." ರಾಚವ್ವನ ಧ್ವನಿ ಒಣಗಿತ್ತು. "ನನ್ನ ಮಗಳು ಸಾಯಾಕ ಇಳದ್ಲಂತ, ಹೌದೇನು? ಸಂತ್ಯಾಗಿಂದ ಬಂದಾಕಿ ಒಬ್ಬಾಕಿ ನನ್ನ ಮುಂದ ಅಂದು ಹೋದ್ಲು. ಆಕೀಗ ಏನ್ ಕಡಿಮಿ ಮಾಡಿದ್ದೆ ನಾನು? ಮುಂಜಾನೆ ಎರಡು ರೊಟ್ಟಿ ಉಂಡು, ಮೂರನೇದ್ದು ಬ್ಯಾಡ ದಪ್ಪ ಆಗ್ತೇನಿ ಅಂದು ಹೋದಾಕಿ ಸಂಜೀಕ ಸಾಯಾಕ ಇಳೀತಾಳೇನು?"

ಸಪ್ನಾ ನೀರು ಕುಡಿದಳು. ಬಾಯಾರಿಕೆ ಇರಲಿಲ್ಲ.

"ಗೊತ್ತಿಲ್ಲ ಯವ್ವಾ," ಎಂದಳು. ಚೀಲದಿಂದ ಗೊಂಡೆ ತೆಗೆದು ನೆಲದ ಮೇಲೆ ಇಟ್ಟಳು. "ಇದು ಆ ಗಾಡಿ ಮುಂದ ಇತ್ತು. ನಂಬರ್ ಮುಚ್ಚಿದ್ದು ಇದ."

ರಾಚವ್ವ ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಆಮೇಲೆ ಎತ್ತಿ ಮೂಗಿಗೆ ಹಿಡಿದಳು.

"ನನ್ನ ಕುರೀದು," ಎಂದಳು. "ನನ್ನ ಗಂಟು."

"ಹೌದು."

"ನಾ ಕಟ್ಟಿದ್ದ ನನ್ನ ಮಗಳನ್ನ ಕೊಂದವ್ನ ಮುಚ್ಚೇತಿ."

ಬಸಲಿಂಗಯ್ಯ ಹೊರಗೆ ಅಂಗಳಕ್ಕೆ ಇಳಿದ. ಈ ಮಾತು ಕೇಳಲು ಆತನಿಂದ ಆಗಲಿಲ್ಲ.

"ಯಾರಿಗೆ ಕಟ್ಟಿದ್ರಿ ಅಂತ ನೆನಪೈತೇನು? ಇದು ಗಂಡಸಿನ ಮೊಳ ಅಲ್ಲಂತ. ಯಾವ ಹೆಂಗಸು ಬಂದು ಕೈ ಚಾಚಿದ್ಲು?"

ಮುದುಕಿ ಗೊಂಡೆಯನ್ನು ತೊಡೆಯ ಮೇಲೆ ಹಾಸಿ, ಬೆರಳನ್ನು ಗಂಟಿನಿಂದ ತುದಿಯವರೆಗೆ ನಿಧಾನ ಇಳಿಸಿದಳು. ತುದಿಯಲ್ಲಿ ಬೆರಳು ನಿಂತಿತು. ಮತ್ತೆ ಮೇಲಿಂದ ಇಳಿಸಿದಳು. ಮೂರನೆಯ ಸಲ ಅವಳ ಅಂಗೈ ಉಣ್ಣೆಯನ್ನು ಹಿಡಿದುಕೊಂಡ ರೀತಿ ನೋಡಿ ಸಪ್ನಾ ಮುಂದಕ್ಕೆ ಬಾಗಿದಳು. ಉಣ್ಣೆಯನ್ನು ಹಾಗೆ ಯಾರೂ ಹಿಡಿಯುವುದಿಲ್ಲ.

"ಇದು ಆಕೀ ಕೈ," ಎಂದಳು ರಾಚವ್ವ.

"ಯಾರದು?"

"ಲಕ್ಷ್ಮೀದು." ಅವಳು ಅಳಲಿಲ್ಲ. ಅಳು ಬರುವ ಜಾಗ ದಾಟಿ ಎಲ್ಲೋ ಹೋಗಿದ್ದಳು. "ಶೆಡ್ಡಿನಾಗ ಯಲಗೂರಪ್ಪ ಅಂತ ಡ್ರೈವರ್ ಅದಾನ, ತಿಕೋಟಾದಂವ. ಹೊಸಾ ಗಾಡಿ ತಂದಾನ, ಒಂದು ಗೊಂಡೆ ಕಟ್ಟಿಕೊಡು ಅಂದ್ಲು. ಅವನ್ನ ಕರ್ಕೊಂಡು ಬಾ, ಮೊಳ ಹಿಡೀಬೇಕು ಅಂದೆ. ಕೈ ಚಾಚಿ ಇಲ್ಲೇ ಕುಂತ್ಲು, ನೀ ಕುಂತಲ್ಲೇ. 'ಅವನ ಕೈ ನನ್ನ ಕೈ ಒಂದ ಯವ್ವಾ, ಹಿಡಿ' ಅಂದು ನಕ್ಕಳು. ನಾ ಹುಚ್ಚಿ. ಚ್ಯಾಷ್ಟಿ ಅಂತ ತಿಳದೆ."

ಹೊಸ್ತಿಲಲ್ಲಿ ಏನೋ ಸದ್ದಾಯಿತು. ಶಿವಲಿಂಗ ಗೋಡೆಗೆ ಕೈ ಊರಿದ್ದ.

"ಮೊಳ ತಪ್ಪಿ ಹಿಡದೆ," ಎಂದಳು ರಾಚವ್ವ, ಯಾರಿಗೂ ಅಲ್ಲ. "ಅವಂಗ ತಾಗೂದು ಆಕೀಗ ತಾಗ್ತು."

ಸಪ್ನಾಳ ಕಣ್ಣ ಮುಂದೆ ಆ ಹನ್ನೆರಡು ಸೆಕೆಂಡು ಮತ್ತೆ ಓಡಿತು. ಈ ಸಲ ಅವಳು ಪಿಕಪ್ ನೋಡಲಿಲ್ಲ, ಹುಡುಗಿಯನ್ನು ನೋಡಿದಳು. ದೂರದಿಂದ ಬರುವ ಬಿಳಿ ಗಾಡಿ. ಅದರ ಮೂತಿಯ ಮೇಲೆ ತನ್ನ ಕೈಯಳತೆಯ ಕರಿ ಗೊಂಡೆ. ಎತ್ತಿದ ಕೈ. ರಸ್ತೆಗೆ ಇಳಿದ ಎರಡು ಹೆಜ್ಜೆ, ಚಪ್ಪಲಿ ಜಾರಿದರೂ ನಿಲ್ಲದ ಅವಸರದ ಹೆಜ್ಜೆ.

"ಯವ್ವಾ," ಎಂದಳು. "ಆಕಿ ಸಾಯಾಕ ಇಳದಿಲ್ಲ. ಆ ಗೊಂಡೆ ನೋಡಿ ಇಳದಾಳ. ಯಲಗೂರಪ್ಪ ಬಂದ ಅಂತ ಕೈ ಮಾಡ್ಯಾಳ."

ರಾಚವ್ವ ಕಣ್ಣು ಮುಚ್ಚಿದಳು. ಒಂಬತ್ತು ದಿನದ ಮೇಲೆ ಒಂದು ಉಸಿರು ಪೂರ್ತಿ ಹೊರಗೆ ಬಂತು.

"ಸಾಯಾಕ ಅಲ್ಲ," ಎಂದಳು. "ಅವನ್ನ ನೋಡಾಕ." ಕಣ್ಣು ತೆರೆದು, "ಅಂವಾದ್ರೂ ನಿಲ್ಲಬಾರದಾಗಿತ್ತೇನು?"

ಶೆಡ್ಡಿಗೆ ಫೋನ್ ಮಾಡಿ ಯಲಗೂರಪ್ಪನ ನಂಬರ್ ತೆಗೆದುಕೊಳ್ಳಲು ಎರಡು ನಿಮಿಷ ಸಾಕಾಯಿತು. ಸಪ್ನಾ ಅದನ್ನು ಹಚ್ಚಿ, ಸ್ಪೀಕರ್ ಒತ್ತಿ, ಫೋನನ್ನು ಗೊಂಡೆಯ ಪಕ್ಕ ಇಟ್ಟಳು. ತಾಯಿಗೆ ಕೇಳುವ ಹಕ್ಕಿದೆ ಅನ್ನಿಸಿತ್ತು. ಆ ಕ್ಷಣಕ್ಕೆ ಅದೇ ಸರಿ ಅನ್ನಿಸಿತ್ತು.

"ಯಲಗೂರಪ್ಪ ಏನ್ರಿ? ನಾ ಪಿಎಸ್‌ಐ ಸಪ್ನಾ."

"ಹೌದ್ರಿ ಮೇಡಂ." ಸಣ್ಣ ವಯಸ್ಸಿನ, ದಣಿದ ಧ್ವನಿ. "ನನ್ನ ಗಾಡಿ ಏನರ ಹಿಡದೀರೇನ್ರಿ? ಆ ಗಾರ್ಡ್ ಬಿಚ್ಚಸ್ತೇನ್ರಿ, ಆಣಿ ಮಾಡಿ ಹೇಳ್ತೇನಿ. ನಾ ಬಂದ ಕೂಡ್ಲೇ ಬಿಚ್ಚಸ್ತೇನಿ."

ಸಪ್ನಾಳ ಹುಬ್ಬು ಗಂಟಿಕ್ಕಿತು. ಗಾರ್ಡ್ ಗಾಡಿಯ ಮೇಲೆ ಇಲ್ಲವೆಂಬುದು ಇವನಿಗೆ ಗೊತ್ತಿಲ್ಲ.

"ಎಲ್ಲಿದ್ದೀರಿ ಈಗ?"

"ಮಿರಜದಾಗ್ರಿ, ದವಾಖಾನ್ಯಾಗ. ದ್ರಾಕ್ಷಿ ಟ್ರೇ ಏರಸೂಮುಂದ ಗಾಡಿ ಮ್ಯಾಲಿಂದ ಬಿದ್ದು ತೊಡಿ ಎಲಬು ಮುರೀತ್ರಿ. ಹನ್ನೊಂದು ದಿನಾತು. ಎರಡು ಆಪರೇಷನ್ ಆತು, ಫೋನ್ ನಿನ್ನೆ ಕೈಗೆ ಕೊಟ್ಟಾರ." ಅವನು ತಡೆದ. "ಮೇಡಂ, ಒಂದು ಮಾತ್ರಿ. ನೀವು ಶೆಡ್ಡಿಗೆ ಹೋದ್ರ ಅಲ್ಲಿ ಲಕ್ಷ್ಮಿ ಅಂತ ಅದಾಳ. ಆಕಿ ಮುಂದ ನಾ ಬಿದ್ದದ್ದು ಹೇಳಬ್ಯಾಡ್ರಿ. ಆಪರೇಷನ್ನಿಗೆ ಒಯ್ಯೂ ಮೊದಲ, ಗಾಡಿ ಮ್ಯಾಲೆ ಅದೇನಿ, ಸೋಮವಾರ ಬರ್ತೇನಿ ಅಂತ ಮೆಸೇಜ್ ಹಾಕಿದ್ದೆ. ಹೆದರ್ತಾಳ್ರಿ ಆಕಿ."

ರಾಚವ್ವ ಗೊಂಡೆಯನ್ನು ಎದೆಗೆ ಒತ್ತಿಕೊಂಡಳು.

"ನಿನ್ನೆಯಿಂದ ಹಚ್ಚಾಕತ್ತೇನಿ, ಎತ್ತವಲ್ಲಳು," ಎಂದಿತು ಫೋನು. "ಸಿಟ್ಟಾಗ್ಯಾಳ ಕಾಣಸ್ತೈತಿ."

ರಾಚವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸಪ್ನಾ ಸ್ಪೀಕರ್ ಆರಿಸಬೇಕೆಂದು ಕೈ ಚಾಚಿದಳು. ಮುದುಕಿ ಆ ಕೈಯನ್ನು ಹಿಡಿದು ತಡೆದಳು. ಅವಳ ಹಿಡಿತ ಕಬ್ಬಿಣದಂತಿತ್ತು.

ಸಪ್ನಾ ಕೇಳಲೇಬೇಕಿತ್ತು.

"ಹನ್ನೊಂದು ದಿನ ಗಾಡಿ ಯಾರ ಹಂತೇಕ ಇತ್ತು?"

"ಆಕೀ ಅಣ್ಣಗ ಕೊಟ್ಟೇನ್ರಿ, ಶಿವಲಿಂಗಗ. ನಾಕು ದಿನದ ಬಾಡಿಗಿ ಐತಿ, ಗಾಡಿ ಕೊಡು ಅಂದ. ನಮ್ಮಿಬ್ಬರದು ಅವಂಗೇನೂ ಗೊತ್ತಿಲ್ರಿ. ಆದ್ರ ಆಕೀ ಅಣ್ಣಗ ಇಲ್ಲ ಅನ್ನಾಕ ನನಗ ಹ್ಯಾಂಗ ಬರ್ತೈತಿ?"

ಸಪ್ನಾ ಫೋನ್ ಕಟ್ ಮಾಡಿದಳು. ಆ ಹುಡುಗನಿಗೆ ಹೇಳಬೇಕಾದ್ದು ಇನ್ನೂ ಇತ್ತು, ಅದನ್ನು ಯಾರೋ ಹೇಳಲೇಬೇಕಿತ್ತು. ಈಗ ಸಾಧ್ಯವಿರಲಿಲ್ಲ.

ಅಂಗಳದಲ್ಲಿದ್ದ ಬಸಲಿಂಗಯ್ಯ ಬಂದು ಬಾಗಿಲಿಗೆ ಅಡ್ಡ ನಿಂತಿದ್ದ. ಆದರೆ ಶಿವಲಿಂಗ ಓಡುವ ಸ್ಥಿತಿಯಲ್ಲಿರಲಿಲ್ಲ. ಗೋಡೆಗುಂಟ ಜಾರಿ ಹೊಸ್ತಿಲ ಮೇಲೆ ಕುಸಿದಿದ್ದ.

"ಅವ್ವಾ, ಗಾಡಿ ನಾ ಹೊಡೀಲಿಲ್ಲ."

ಅವನು ತಾಯಿಯ ಕಡೆ ಕೈ ಚಾಚಿದ.

"ಗಾಡ್ಯಾಗ ಇದ್ದೆ. ಬಾಜೂಕ ಕುಂತಿದ್ದೆ. ಸ್ಟೇರಿಂಗ್ ಬ್ಯಾರೇದವ್ರ ಕೈಯಾಗ ಇತ್ತು. ನಿನ್ನಾಣೆ ಅವ್ವಾ."

"ಯಾರ ಕೈಯಾಗ?" ಸಪ್ನಾ ಎದ್ದು ನಿಂತಿದ್ದಳು. "ಶಿವಲಿಂಗ, ಹೆಸರು ಹೇಳು."

"ಹೇಳಾಕ ಆಗೂದಿಲ್ರಿ."

"ಗಾರ್ಡ್ ಕೊಯ್ದಂವ ನೀನ?"

ಅವನು ಹೌದೆಂದು ತಲೆ ಆಡಿಸಿದ. "ಗೊಂಡೆ ಬಿಚ್ಚಾಕ ಆಗಲಿಲ್ರಿ. ಅವ್ವನ ಗಂಟು."

"ಹೊಡದಾಂವ ಯಾರು?"

"ತಡಿ ಯವ್ವಾ," ಎಂದಳು ರಾಚವ್ವ. ದನಿ ಎತ್ತರಿಸಿರಲಿಲ್ಲ, ಆದರೂ ಸಪ್ನಾ ಸುಮ್ಮನಾದಳು. "ಹೆಸರು ನಿನಗ ಬೇಕು. ನನಗ ಬ್ಯಾರೇದು ಬೇಕು."

ಅವಳು ನೆಲಕ್ಕೆ ಕೈ ಊರಿ ಮಗನ ಹತ್ತಿರ ಸರಿದಳು. ಅವನ ಗದ್ದಕ್ಕೆ ಕೈ ಹಚ್ಚಿ ಮುಖ ಎತ್ತಿದಳು, ಚಿಕ್ಕ ಹುಡುಗರ ಮುಖ ತೊಳೆಯುವಾಗ ಎತ್ತುವಂತೆ.

"ಆಕಿ ನಿನ್ನ ನೋಡಿದ್ಲೇನೋ?"

ಶಿವಲಿಂಗನ ತುಟಿಗಳು ಅಲುಗಿದವು.

"ನೋಡಿದ್ಲು," ಎಂದ.

"ನೋಡಿ?"

"ಅಣ್ಣಾ ಅಂದ್ಲು."

ರಾಚವ್ವ ಅವನ ಗದ್ದದಿಂದ ಕೈ ತೆಗೆದಳು.

"ಮತ್ತ ನೀ ಇಳೀಲಿಲ್ಲ," ಎಂದಳು.

ಹೊರಗೆ ಮೋಟರ್ ಸೈಕಲ್ ನಿಂತ ಸದ್ದಾಯಿತು. ಸ್ಟ್ಯಾಂಡ್ ಹಾಕಿದ ಸಪ್ಪಳ, ಅಂಗಳದ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟ ಸಪ್ಪಳ. "ರಾಚಕ್ಕಾ," ಎಂದಿತು ಒಂದು ಗಂಡು ಧ್ವನಿ, ದಿನಾ ಬರುವವರ ಸಲಿಗೆಯಲ್ಲಿ. "ಬುತ್ತಿ ತಂದೇನಿ. ಒಂದು ತುತ್ತರ ಉಣ್ಣಬೇ."

ಸಪ್ನಾ ಶಿವಲಿಂಗನನ್ನು ನೋಡಿದಳು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದ. ಅವನು ಹೇಳಲಾರದ ಹೆಸರು ಅಂಗಳಕ್ಕೆ ಬಂದು ನಿಂತಿತ್ತು.

ರಾಚವ್ವನೂ ಅದನ್ನು ನೋಡಿದಳು. ಒಂಬತ್ತು ದಿನದಲ್ಲಿ ಮೊದಲ ಸಲ ಯಾರ ಆಸರೆಯಿಲ್ಲದೆ ಎದ್ದಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ಬಸಲಿಂಗಯ್ಯ ತನಗೇ ತಿಳಿಯದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಒಳಗ ಬಾರಪ್ಪ," ಎಂದಳು ರಾಚವ್ವ. "ಕುಂಡ್ರು. ನೀನೂ ಉಣ್ಣೀಯಂತ."